ಪಾದ್ರಿಯಿಂದ ದೌರ್ಜನ್ಯ: ದಶಕಗಳ ನಂತರ ಬಾಯಿ ಬಿಟ್ಟವರಿಗೆ ಅಮೆರಿಕದ ಕಾನೂನಿನಲ್ಲಿ ದಾರಿ ಏನು?

2018ರ ಆಗಸ್ಟ್ 14ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಗ್ರ್ಯಾಂಡ್ ಜ್ಯೂರಿಯೊಂದರ ವರದಿ ಹೊರಬಂತು. ಗ್ರ್ಯಾಂಡ್ ಜ್ಯೂರಿ ಅಂದರೆ ಸಾಮಾನ್ಯ ನಾಗರಿಕರೇ ಕೂತು ಸಾಕ್ಷ್ಯ ಪರಿಶೀಲಿಸುವ ವ್ಯವಸ್ಥೆ. ಅವರು ಆರು ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳ (ಒಬ್ಬೊಬ್ಬ ಬಿಷಪ್ ಆಡಳಿತಕ್ಕೆ ಸೇರಿದ ಪ್ರದೇಶಗಳ) ಕಡತಗಳನ್ನು ತರಿಸಿಕೊಂಡು ಓದಿದ್ದರು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಆರೋಪ ಹೊತ್ತ 300ಕ್ಕೂ ಹೆಚ್ಚು ಪಾದ್ರಿಗಳು ಅದರಲ್ಲಿ ಸಿಕ್ಕರು. ಗುರುತಿಸಬಹುದಾದ ಮಕ್ಕಳೇ 1,000ಕ್ಕೂ ಹೆಚ್ಚು. ದಾಖಲೆ ಕಳೆದುಹೋದವರು, ಹೆದರಿ ಬಾಯಿ ಬಿಡದವರು ಸೇರಿದರೆ ನಿಜವಾದ ಲೆಕ್ಕ ಸಾವಿರಾರು ಇರಬಹುದು ಎಂದು ಜ್ಯೂರಿಯೇ ಬರೆಯಿತು.

ಇಷ್ಟಾದ ಮೇಲೂ ಆ ತನಿಖೆಯಿಂದ ಕ್ರಿಮಿನಲ್ ಕೇಸು ಹಾಕಲು ಆದದ್ದು ಇಬ್ಬರು ಪಾದ್ರಿಗಳ ಮೇಲೆ ಮಾತ್ರ. ಎಷ್ಟೋ ಜನ ಅಷ್ಟರಲ್ಲಿ ತೀರಿಕೊಂಡಿದ್ದರು. ಬದುಕಿದ್ದವರಲ್ಲಿ ಬಹುತೇಕರ ವಿಷಯದಲ್ಲಿ ಕಾನೂನು ಕೊಟ್ಟ ಗಡುವು ಎಂದೋ ಮುಗಿದುಹೋಗಿತ್ತು.

ಹಾಗಾಗಿ ಬಾಲ್ಯದಲ್ಲಿ ಪಾದ್ರಿಯಿಂದ ದೌರ್ಜನ್ಯಕ್ಕೊಳಗಾದವರು ಕಾನೂನಿನ ಬಾಗಿಲಿಗೆ ಬಂದಾಗ ಎದುರಾಗುವ ಮೊದಲ ಪ್ರಶ್ನೆ "ಏನಾಯಿತು?" ಅನ್ನುವುದಲ್ಲ, "ಯಾವಾಗ ಆಯಿತು?" ಅನ್ನುವುದು. ಕಳೆದ 20 ವರ್ಷಗಳಲ್ಲಿ ಅಮೆರಿಕದ ರಾಜ್ಯಗಳು ಈ ಪ್ರಶ್ನೆಯನ್ನೇ ಹಿಡಿದು ಕಾನೂನು ತಿದ್ದಿವೆ. ಇನ್ನೂ ತಿದ್ದುತ್ತಿವೆ. ಅಲ್ಲಿ ಏನೇನು ಬದಲಾಯಿತು, ಸಂತ್ರಸ್ತರ ಮುಂದೆ ಯಾವ ದಾರಿಗಳಿವೆ, ಎಲ್ಲಿ ಎಡವುವ ಅಪಾಯ ಇದೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ.

ಗಡುವು ಯಾಕೆ ಇದೆ, ಮಕ್ಕಳ ವಿಷಯದಲ್ಲಿ ಯಾಕೆ ಸೋಲುತ್ತದೆ

ಕೇಸು ಹಾಕಲು ಕಾಲಮಿತಿ ಇಡುವುದಕ್ಕೆ ಕಾರಣ ಇಲ್ಲದಿಲ್ಲ. ಸಾಕ್ಷಿಗಳು ಸಾಯುತ್ತಾರೆ, ನೆನಪು ಮಾಸುತ್ತದೆ, ಕಾಗದ ಕಳೆಯುತ್ತದೆ. 40 ವರ್ಷ ಹಿಂದಿನ ಸಾಲದ ಜಗಳವನ್ನು ಇವತ್ತು ಕೋರ್ಟಿಗೆ ತಂದರೆ ಯಾರಿಗೂ ನ್ಯಾಯ ಸಿಗುವುದಿಲ್ಲ. ಆದರೆ ಸಾಲ ಕೊಟ್ಟವನಿಗೆ ತಾನು ಸಾಲ ಕೊಟ್ಟಿದ್ದೇನೆ ಅಂತ ಮೊದಲ ದಿನವೇ ಗೊತ್ತಿರುತ್ತದೆ. ಹತ್ತು ವರ್ಷದ ಮಗುವಿಗೆ ತನ್ನ ಮೇಲೆ ನಡೆದದ್ದು ಅಪರಾಧ ಅಂತಲೇ ಗೊತ್ತಿರುವುದಿಲ್ಲ.

ಪಾದ್ರಿಯ ವಿಷಯದಲ್ಲಿ ಇದು ಇನ್ನೂ ಗಟ್ಟಿ. ಅಪ್ಪ ಅಮ್ಮ ಎದ್ದು ನಿಂತು ಗೌರವ ಕೊಡುವ ಮನುಷ್ಯ ಆತ. ಮನೆಗೆ ಊಟಕ್ಕೆ ಬರುತ್ತಾನೆ. ಮಗುವಿನ ಪಾಪ ನಿವೇದನೆ ಕೇಳುವವನೂ ಅವನೇ, ಕ್ಷಮೆ ಕೊಡುವವನೂ ಅವನೇ. ಇದು ದೇವರ ಇಚ್ಛೆ, ಹೇಳಿದರೆ ನರಕ ಅಂತ ಹೆದರಿಸಿದರೆ ಮಗು ಯಾರ ಹತ್ತಿರ ಹೋಗಬೇಕು? ಧೈರ್ಯ ಮಾಡಿ ಹೇಳಿದ ಮಕ್ಕಳಿಗೆ ಮನೆಯಲ್ಲೇ ಏಟು ಬಿದ್ದ ಕಥೆಗಳು ಬೇಕಾದಷ್ಟಿವೆ. ಹಾಗಾಗಿ ಮಾತು ಹೊಟ್ಟೆಯೊಳಗೇ ಉಳಿಯುತ್ತದೆ. ಮುಂದೆ ಕುಡಿತ, ನಿದ್ದೆಗೇಡು, ಮುರಿದ ಮದುವೆ. ಕಾರಣ ಏನಂತ ಅವರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಎಷ್ಟೋ ಜನರಿಗೆ ತಮ್ಮ ಮಗ ಆ ವಯಸ್ಸಿಗೆ ಬಂದಾಗ, ಅವನು ಎಷ್ಟು ಚಿಕ್ಕವನು ಅಂತ ಕಣ್ಣಾರೆ ಕಂಡಾಗ, ತಮಗೇನಾಗಿತ್ತು ಎಂಬುದು ಅರ್ಥವಾಗುತ್ತದೆ.

ಆಸ್ಟ್ರೇಲಿಯಾದ ರಾಯಲ್ ಕಮಿಷನ್ ಎಂಬ ಸರ್ಕಾರಿ ತನಿಖಾ ಆಯೋಗ 2013ರಿಂದ 2017ರವರೆಗೆ ಇಂಥ ಸಾವಿರಾರು ಜನರ ಮಾತು ಕೇಳಿತು. ಯಾರಾದರೊಬ್ಬರಿಗೆ ಮೊದಲ ಸಲ ವಿಷಯ ಹೇಳಲು ಅವರು ಸರಾಸರಿ 23.9 ವರ್ಷ ತೆಗೆದುಕೊಂಡಿದ್ದರು. ಪೊಲೀಸರಿಗೆ ಅಲ್ಲ, ಕೋರ್ಟಿಗೂ ಅಲ್ಲ, ಸುಮ್ನೆ ಇನ್ನೊಬ್ಬ ಮನುಷ್ಯನಿಗೆ. ಈಗ ನ್ಯೂಯಾರ್ಕ್ ರಾಜ್ಯದ ಹಳೆಯ ನಿಯಮ ನೋಡಿ. ಬಹುತೇಕ ಪ್ರಕರಣಗಳಲ್ಲಿ 23 ವರ್ಷ ವಯಸ್ಸು ತುಂಬುವ ಮೊದಲೇ ದಾವೆ ಹೂಡಬೇಕಿತ್ತು. 2019ರವರೆಗೂ ಅದು ಹಾಗೇ ಇತ್ತು. ಹತ್ತನೇ ವಯಸ್ಸಿನಲ್ಲಿ ನಡೆದದ್ದನ್ನು 34ರಲ್ಲಿ ಬಾಯಿ ಬಿಟ್ಟು ಹೇಳಿದ ಮನುಷ್ಯನಿಗೆ ಆ ಕಾನೂನು 11 ವರ್ಷ ತಡವಾಯಿತು ಎನ್ನುತ್ತಿತ್ತು. ತಡವಾಗಿ ಹೇಳುವುದು ಸುಳ್ಳಿನ ಲಕ್ಷಣ ಅಲ್ಲ, ಈ ಗಾಯದ ಸ್ವಭಾವವೇ ಅದು. ಇದನ್ನು ಒಪ್ಪಿಕೊಳ್ಳಲು ಶಾಸಕಾಂಗಗಳಿಗೆ ಬಹಳ ಕಾಲ ಹಿಡಿಯಿತು.

ಜೈಲಿನ ದಾರಿ, ದಾವೆಯ ದಾರಿ

ದಾರಿಗಳು ಮುಖ್ಯವಾಗಿ ಎರಡು. ಒಂದು ಕ್ರಿಮಿನಲ್ ಕೇಸು. ಅದನ್ನು ನಡೆಸುವುದು ಸರ್ಕಾರ, ಸಂತ್ರಸ್ತರು ಸಾಕ್ಷಿ. ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು, ಸಾಬೀತಾದರೆ ಶಿಕ್ಷೆ. ಇನ್ನೊಂದು ಸಿವಿಲ್ ದಾವೆ. ಅದನ್ನು ಹೂಡುವುದು ಸಂತ್ರಸ್ತರೇ. ಆರೋಪ ನಿಜವಾಗಿರುವ ಸಾಧ್ಯತೆಯೇ ಹೆಚ್ಚು ಅಂತ ಜ್ಯೂರಿಗೆ ಮನವರಿಕೆಯಾದರೆ ಸಾಕು. ಸಿಗುವುದು ಹಣದ ಪರಿಹಾರ. ಜೊತೆಗೆ ಕೆಲವೊಮ್ಮೆ ಮುಚ್ಚಿಟ್ಟ ಕಡತಗಳೂ ಹೊರಬರುತ್ತವೆ. ಎರಡನ್ನೂ ನಡೆಸಬಹುದು, ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಹಳೆಯ ಪ್ರಕರಣಗಳಲ್ಲಿ ಜೈಲಿನ ದಾರಿ ಹೆಚ್ಚಾಗಿ ಮುಚ್ಚಿರುತ್ತದೆ. ಇದಕ್ಕೆ ಕಾರಣ 2003ರ ಸ್ಟಾಗ್ನರ್ ತೀರ್ಪು. ಗಡುವು ಮುಗಿದ ಕ್ರಿಮಿನಲ್ ಪ್ರಕರಣಗಳಿಗೆ ಮತ್ತೆ ಜೀವ ಕೊಡುವ ಕಾನೂನನ್ನು ಕ್ಯಾಲಿಫೋರ್ನಿಯಾ ಮಾಡಿತ್ತು. ಸಂವಿಧಾನ ಅದಕ್ಕೆ ಒಪ್ಪುವುದಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಹೇಳಿತು. ಆ ಪ್ರಕರಣದ ಆರೋಪಿ ಪಾದ್ರಿ ಆಗಿರಲಿಲ್ಲ. ಆದರೂ ತೀರ್ಪು ಬಂದ ಮೇಲೆ ಪಾದ್ರಿಗಳ ಮೇಲಿದ್ದ ಎಷ್ಟೋ ಕೇಸುಗಳು ಬಿದ್ದುಹೋದವು. ಒಮ್ಮೆ ಮುಗಿದ ಕ್ರಿಮಿನಲ್ ಗಡುವು ಮುಗಿದ ಹಾಗೆಯೇ. ಇನ್ನೂ ಮುಗಿಯದ ಗಡುವನ್ನು ಉದ್ದ ಮಾಡಲು ಅಡ್ಡಿಯಿಲ್ಲ.

ಅಂದಮಾತ್ರಕ್ಕೆ ಪೊಲೀಸರಿಗೆ ಹೇಳುವುದು ವ್ಯರ್ಥ ಅಂತಲ್ಲ. ಆರೋಪಿ ಬದುಕಿದ್ದರೆ, ಇವತ್ತಿಗೂ ಮಕ್ಕಳ ನಡುವೆ ಇದ್ದರೆ, ಅದೇ ವ್ಯಕ್ತಿಯ ಮೇಲೆ ಗಡುವು ಮುಗಿಯದ ಇನ್ನೊಂದು ದೂರು ಇರಬಹುದು. ನಿಮ್ಮ ಹಳೆಯ ಮಾತು ಆ ಹೊಸ ಕೇಸಿಗೆ ಬಲ ಕೊಡಬಹುದು.

ಸಿವಿಲ್ ದಾವೆಯ ವಿಷಯ ಬೇರೆ. ಇಲ್ಲಿ ಹಳೆಯ ಪ್ರಕರಣಕ್ಕೆ ಜೀವ ಕೊಡಬಹುದೇ ಅನ್ನುವುದನ್ನು ಬಹುಮಟ್ಟಿಗೆ ಆಯಾ ರಾಜ್ಯದ ಸಂವಿಧಾನವೇ ತೀರ್ಮಾನಿಸುತ್ತದೆ. ಹಲವು ರಾಜ್ಯಗಳು ಜೀವ ಕೊಟ್ಟಿವೆ. ಗಡುವು ಮುಗಿದಿದ್ದರೂ ಸರಿ, ಇಂಥ ದಿನದಿಂದ ಇಂಥ ದಿನದವರೆಗೆ ಯಾರು ಬೇಕಾದರೂ ದಾವೆ ಹೂಡಬಹುದು ಎಂದು ಒಂದು ಅವಕಾಶದ ಅವಧಿ ತೆರೆಯುತ್ತವೆ. ಕ್ಯಾಲಿಫೋರ್ನಿಯಾ 2003ರಲ್ಲಿ ಒಂದು ವರ್ಷ ತೆರೆಯಿತು. ಅದರ ಫಲವಾಗಿ 2007ರಲ್ಲಿ ಲಾಸ್ ಏಂಜಲೀಸ್ ಆರ್ಚ್‌ಡಯಾಸಿಸ್ (ಆರ್ಚ್‌ಬಿಷಪ್ ಮುಖ್ಯಸ್ಥರಾಗಿರುವ ಧರ್ಮಪ್ರಾಂತ್ಯ) 508 ಜನರಿಗೆ 66 ಕೋಟಿ ಡಾಲರ್ ಕೊಡಲು ಒಪ್ಪಿತು. 2020ರಿಂದ 2022ರವರೆಗೆ ಮತ್ತೆ ಮೂರು ವರ್ಷ ತೆರೆದಾಗ ಇನ್ನೂ 1,353 ಜನ ಬಂದರು. 2024ರ ಅಕ್ಟೋಬರಿನಲ್ಲಿ ಅದೇ ಆರ್ಚ್‌ಡಯಾಸಿಸ್ ಇನ್ನೂ 88 ಕೋಟಿ ಡಾಲರ್‌ಗೆ ಒಪ್ಪಿಕೊಂಡಿತು. ಮೊದಲ ಸಲ ಬಾಗಿಲು ತೆರೆದಾಗಲೂ ಮಾತಾಡಲು ಆಗದವರು ಎಷ್ಟು ಜನ ಇದ್ದರು ನೋಡಿ.

ನ್ಯೂಯಾರ್ಕ್ 2019ರಲ್ಲಿ ಸಿವಿಲ್ ದಾವೆಯ ವಯಸ್ಸಿನ ಮಿತಿಯನ್ನು 55ಕ್ಕೆ ಏರಿಸಿತು. ಜೊತೆಗೆ ಹಳೆಯ ಪ್ರಕರಣಗಳಿಗೆ ಒಂದು ವರ್ಷ ಅವಕಾಶ ಕೊಟ್ಟಿತು. ಕೋವಿಡ್ ಕಾರಣಕ್ಕೆ ಅದು 2021ರ ಆಗಸ್ಟ್ 14ರವರೆಗೆ ಮುಂದುವರಿಯಿತು. ಅಷ್ಟರಲ್ಲಿ 10,000ಕ್ಕೂ ಹೆಚ್ಚು ದಾವೆಗಳು ಬಂದವು. ಚರ್ಚುಗಳ ಮೇಲಷ್ಟೇ ಅಲ್ಲ, ಶಾಲೆಗಳು, ಸ್ಕೌಟ್ಸ್ ಸಂಸ್ಥೆ, ಎಲ್ಲದರ ಮೇಲೆ. ಮೇರಿಲ್ಯಾಂಡ್ 2023ರ ಅಕ್ಟೋಬರ್ 1ರಿಂದ ಇಂಥ ಸಿವಿಲ್ ದಾವೆಗಳಿಗೆ ಕಾಲಮಿತಿಯನ್ನೇ ತೆಗೆದುಹಾಕಿತು.

ಎಲ್ಲ ಕಡೆ ಹೀಗಾಗಿಲ್ಲ. 2025ರ ಜನವರಿ ಕೊನೆಗೆ ಮೇನ್ ರಾಜ್ಯದ ಅತ್ಯುನ್ನತ ಕೋರ್ಟ್, ಮುಗಿದ ದಾವೆಗಳಿಗೆ ಜೀವ ಕೊಡುವ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದಿತು. ಕೆಲವೇ ದಿನಗಳ ನಂತರ ಫೆಬ್ರುವರಿಯಲ್ಲಿ ಮೇರಿಲ್ಯಾಂಡಿನ ಸುಪ್ರೀಂ ಕೋರ್ಟ್ ತನ್ನ ರಾಜ್ಯದ ಕಾನೂನು ಸರಿಯಾಗಿದೆ ಎಂದಿತು. ಅದೂ 4-3ರಲ್ಲಿ. ಒಂದೇ ಬಗೆಯ ಗಾಯ, ಒಂದೇ ಬಗೆಯ ಮೌನ, ಆದರೆ ಯಾವ ರಾಜ್ಯದಲ್ಲಿ ನಡೆಯಿತು ಎಂಬುದರ ಮೇಲೆ ಹಕ್ಕು ಇರುತ್ತದೆ ಅಥವಾ ಇರುವುದಿಲ್ಲ.

ಪೆನ್ಸಿಲ್ವೇನಿಯಾದ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. 2018ರ ಆ ವರದಿಯ ನಂತರ ಅಲ್ಲಿ ಎರಡು ವರ್ಷದ ಅವಕಾಶ ತೆರೆಯಲು ಸಂವಿಧಾನ ತಿದ್ದುಪಡಿಗೆ ಹೊರಟರು. ಅಲ್ಲಿನ ನಿಯಮದ ಪ್ರಕಾರ ತಿದ್ದುಪಡಿ ಎರಡು ಸತತ ಅಧಿವೇಶನಗಳಲ್ಲಿ ಪಾಸಾಗಬೇಕು. ನಡುವೆ ಪತ್ರಿಕೆಗಳಲ್ಲಿ ಜಾಹೀರಾತು ಕೊಡಬೇಕು. ಆಮೇಲೆ ಜನ ಮತ ಹಾಕಬೇಕು. ಮೊದಲ ಸಲ ಪಾಸಾಯಿತು. ಆದರೆ ಸರ್ಕಾರಿ ಇಲಾಖೆ ಜಾಹೀರಾತು ಕೊಡುವುದನ್ನೇ ಬಿಟ್ಟಿತ್ತು! 2021ರ ಫೆಬ್ರುವರಿಯಲ್ಲಿ ಇದು ಬೆಳಕಿಗೆ ಬಂದಾಗ ಇಲಾಖೆಯ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು. ಪ್ರಕ್ರಿಯೆ ಮತ್ತೆ ಮೊದಲಿನಿಂದ ಶುರುವಾಗಬೇಕಾಯಿತು. ಮತ ಹಾಕುವ ದಿನ ಹತ್ತಿರ ಬಂತು ಎಂದು ಕಾಯುತ್ತಿದ್ದವರಲ್ಲಿ 70 ದಾಟಿದವರೂ ಇದ್ದರು.

ಪಾದ್ರಿಯ ಮೇಲಲ್ಲ, ಗೊತ್ತಿದ್ದೂ ಸುಮ್ಮನಿದ್ದವರ ಮೇಲೆ

ಸಿವಿಲ್ ದಾವೆಯಲ್ಲಿ ಎದುರಾಳಿ ಸಾಮಾನ್ಯವಾಗಿ ಪಾದ್ರಿ ಒಬ್ಬನೇ ಅಲ್ಲ. ಆತ ಸತ್ತಿರಬಹುದು, ಅವನ ಹೆಸರಲ್ಲಿ ಆಸ್ತಿಯೂ ಇರುವುದಿಲ್ಲ. ದಾವೆ ಹೋಗುವುದು ಧರ್ಮಪ್ರಾಂತ್ಯದ ಮೇಲೆ, ಇಲ್ಲವೇ ಪಾದ್ರಿ ಸೇರಿದ್ದ ಧಾರ್ಮಿಕ ಸಂಘದ ಮೇಲೆ. ಇಂಥ ಕೃತ್ಯ ಪಾದ್ರಿಯ ಕೆಲಸದ ಭಾಗ ಅಲ್ಲ, ಹಾಗಾಗಿ ಸಂಸ್ಥೆ ನೇರ ಹೊಣೆಯಲ್ಲ ಎಂದು ಅನೇಕ ಕೋರ್ಟುಗಳು ಹೇಳುತ್ತವೆ. ಅದಕ್ಕೇ ವಕೀಲರು ಸಂಸ್ಥೆಯ ನಿರ್ಲಕ್ಷ್ಯವನ್ನು ಹಿಡಿಯುತ್ತಾರೆ. ದೂರು ಬಂದಿತ್ತಾ? ಬಂದ ಮೇಲೂ ಅವನನ್ನು ಮಕ್ಕಳ ಹತ್ತಿರ ಬಿಟ್ಟರಾ? ಇನ್ನೊಂದು ಚರ್ಚಿಗೆ ವರ್ಗ ಮಾಡುವಾಗ ಅಲ್ಲಿನವರಿಗೆ ಎಚ್ಚರಿಕೆ ಕೊಟ್ಟರಾ?

ಬಾಸ್ಟನ್ನಿನ ಪಾದ್ರಿ ಜಾನ್ ಗೇಗನ್ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು ಮೂವತ್ತು ವರ್ಷಗಳಲ್ಲಿ ಆರೇಳು ಚರ್ಚುಗಳಲ್ಲಿ ಆತ ಕೆಲಸ ಮಾಡಿದ. 130ಕ್ಕೂ ಹೆಚ್ಚು ಜನ ಆತನ ಮೇಲೆ ಆರೋಪ ಹೊರಿಸಿದರು. 1984ರಲ್ಲಿ ಸಹಾಯಕ ಬಿಷಪ್ ಒಬ್ಬರು ಬಾಸ್ಟನ್ ಧರ್ಮಪ್ರಾಂತ್ಯದ ಮುಖ್ಯಸ್ಥ ಬರ್ನಾರ್ಡ್ ಲಾ (ಮುಂದೆ ಕಾರ್ಡಿನಲ್ ಆದವರು) ಅವರಿಗೆ ಪತ್ರ ಬರೆದು, ಈತನನ್ನು ಹೊಸ ಚರ್ಚಿಗೆ ನೇಮಿಸಿದ್ದು ಸರಿಯೇ ಎಂದು ಪ್ರಶ್ನಿಸಿದ್ದರು. ನೇಮಕ ರದ್ದಾಗಲಿಲ್ಲ. ಆ ಪತ್ರ ಜನರ ಕಣ್ಣಿಗೆ ಬಿದ್ದದ್ದು ಸುಮಾರು 18 ವರ್ಷದ ನಂತರ. ಸಂತ್ರಸ್ತರು ಹೂಡಿದ್ದ ದಾವೆಗಳ ಕಡತಗಳನ್ನು ಬಹಿರಂಗ ಮಾಡಬೇಕು ಎಂದು ಬಾಸ್ಟನ್ ಗ್ಲೋಬ್ ಪತ್ರಿಕೆ ಕೋರ್ಟಿಗೆ ಹೋಯಿತು. ನ್ಯಾಯಾಧೀಶರು ಒಪ್ಪಿದರು. 2002ರ ಜನವರಿಯಲ್ಲಿ ವರದಿಗಳು ಶುರುವಾದವು, ಡಿಸೆಂಬರಿನಲ್ಲಿ ಕಾರ್ಡಿನಲ್ ರಾಜೀನಾಮೆ ಕೊಟ್ಟರು. ಸಿವಿಲ್ ದಾವೆ ಬರೀ ಹಣಕ್ಕಾಗಿ ಎಂದು ಮಾತಾಡುವವರು ಈ ಒಂದು ಕಾಗದವನ್ನು ನೆನಪಿಡಬೇಕು. ದಾವೆ ಇಲ್ಲದಿದ್ದರೆ ಅದು ಬೀರುವಿನಲ್ಲೇ ಇರುತ್ತಿತ್ತು.

ಬೀರು ಅಂದೆನಲ್ಲ, ಅದು ನಿಜಕ್ಕೂ ಇದೆ. ಕ್ಯಾಥೊಲಿಕ್ ಚರ್ಚಿನ ಕಾನೂನು ಸಂಹಿತೆಯ 489ನೇ ವಿಧಿ ಪ್ರತಿ ಧರ್ಮಪ್ರಾಂತ್ಯದಲ್ಲೂ ಒಂದು ರಹಸ್ಯ ದಾಖಲೆ ಸಂಗ್ರಹ ಇರಬೇಕು ಎನ್ನುತ್ತದೆ. 490ನೇ ವಿಧಿಯ ಪ್ರಕಾರ ಅದರ ಕೀಲಿ ಬಿಷಪ್ ಹತ್ತಿರ ಮಾತ್ರ. ನೈತಿಕ ಅಪರಾಧಗಳ ಕಡತಗಳಲ್ಲಿ ಆರೋಪಿ ಸತ್ತಿದ್ದರೆ, ಅಥವಾ ಶಿಕ್ಷೆಯಾಗಿ ಹತ್ತು ವರ್ಷ ಕಳೆದಿದ್ದರೆ, ಚಿಕ್ಕ ಸಾರಾಂಶ ಇಟ್ಟುಕೊಂಡು ಮೂಲ ಕಾಗದ ನಾಶ ಮಾಡಬೇಕು ಅಂತಲೂ ಅಲ್ಲಿದೆ. ಪೆನ್ಸಿಲ್ವೇನಿಯಾದ ಜ್ಯೂರಿ ಓದಿದ್ದು ಸಮನ್ಸ್ ಕೊಟ್ಟು ತರಿಸಿಕೊಂಡ ಇಂಥ ಕಾಗದಗಳನ್ನೇ. ಪಾದ್ರಿಯನ್ನು ಕರೆಸಿಕೊಂಡಾಗ ಭಕ್ತರಿಗೆ ಅನಾರೋಗ್ಯ ರಜೆ ಅಂತ ಹೇಳಿದ್ದೂ ಅವುಗಳಲ್ಲಿತ್ತು.

ಇದು ಕ್ಯಾಥೊಲಿಕ್ ಚರ್ಚಿನ ಸಮಸ್ಯೆ ಮಾತ್ರ ಅಲ್ಲ. ಅಮೆರಿಕದ ಪ್ರಾಟೆಸ್ಟೆಂಟ್ ಚರ್ಚುಗಳ ಒಕ್ಕೂಟವಾದ ಸದರ್ನ್ ಬ್ಯಾಪ್ಟಿಸ್ಟ್ ಸಂಘಟನೆಯ ಮುಖ್ಯ ಕಚೇರಿಯಲ್ಲಿ ಆರೋಪ ಹೊತ್ತ 700ಕ್ಕೂ ಹೆಚ್ಚು ಜನರ ಪಟ್ಟಿಯನ್ನು ಗುಟ್ಟಾಗಿ ಇಟ್ಟುಕೊಂಡಿದ್ದರು ಎಂಬುದು 2022ರಲ್ಲಿ ಹೊರಬಿತ್ತು. ಅಲ್ಲಿ ದಾವೆ ಇನ್ನೂ ಕಷ್ಟ. ಪ್ರತಿ ಚರ್ಚೂ ಸ್ವತಂತ್ರ, ಮೇಲಿನ ಸಂಘಟನೆಗೆ ಅವುಗಳ ಮೇಲೆ ಅಧಿಕಾರ ಇಲ್ಲ ಎಂಬ ವಾದ ಎದುರಾಗುತ್ತದೆ.

ಸಂಸ್ಥೆ ದಿವಾಳಿ ಅರ್ಜಿ ಹಾಕಿದರೆ

ಜನರಿಗೆ ಅತಿ ಕಡಿಮೆ ಅರ್ಥವಾಗುವ ಭಾಗ ಇದು. ಇಲ್ಲೇ ಅತಿ ಹೆಚ್ಚು ಜನ ಹಕ್ಕು ಕಳೆದುಕೊಳ್ಳುವ ಅಪಾಯವೂ ಇದೆ.

2004ರ ಜುಲೈನಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಆರ್ಚ್‌ಡಯಾಸಿಸ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ಧರ್ಮಪ್ರಾಂತ್ಯ ಅದು. ಆಮೇಲೆ 30ಕ್ಕೂ ಹೆಚ್ಚು ಧರ್ಮಪ್ರಾಂತ್ಯಗಳು ಅದೇ ದಾರಿ ಹಿಡಿದಿವೆ. ಬಾಲ್ಟಿಮೋರ್ ಆರ್ಚ್‌ಡಯಾಸಿಸ್ ಅರ್ಜಿ ಹಾಕಿದ್ದು 2023ರ ಸೆಪ್ಟೆಂಬರ್ 29ರಂದು, ಮೇರಿಲ್ಯಾಂಡಿನ ಹೊಸ ಕಾನೂನು ಜಾರಿಗೆ ಬರುವ ಎರಡೇ ದಿನ ಮೊದಲು.

ಇಲ್ಲಿ ದಿವಾಳಿ ಅಂದರೆ ಚರ್ಚಿಗೆ ಬೀಗ ಬಿತ್ತು ಅಂತಲ್ಲ. ಸಂಸ್ಥೆ ನಡೆಯುತ್ತಲೇ ಇರುತ್ತದೆ. ಆದರೆ ಅರ್ಜಿ ಬಿದ್ದ ಕ್ಷಣದಿಂದ ಅದರ ಮೇಲಿನ ಎಲ್ಲ ದಾವೆಗಳೂ ನಿಲ್ಲುತ್ತವೆ. ಜ್ಯೂರಿ ಮುಂದೆ ಹೋಗಬೇಕಿದ್ದ ಕೇಸು ದಿವಾಳಿ ಕೋರ್ಟಿನಲ್ಲಿ ಒಂದು ಕ್ಲೇಮ್, ಅಂದರೆ ಹಣ ಕೇಳುವ ಅರ್ಜಿ, ಆಗಿಬಿಡುತ್ತದೆ. ಸಾಲ ಕೊಟ್ಟ ಬ್ಯಾಂಕುಗಳ ಹಾಗೆ ಸಂತ್ರಸ್ತರೂ ಹಣ ಬರಬೇಕಾದವರ ಸಾಲಿನಲ್ಲಿ ನಿಲ್ಲುತ್ತಾರೆ. ನ್ಯಾಯಾಧೀಶರು ಒಂದು ಕೊನೆಯ ದಿನ ಗೊತ್ತು ಮಾಡುತ್ತಾರೆ. ಅಷ್ಟರೊಳಗೆ ಕ್ಲೇಮ್ ಫಾರಂ ತುಂಬಿ ಕೊಡದಿದ್ದರೆ ಆ ಸಂಸ್ಥೆಯ ಮೇಲಿನ ಹಕ್ಕು ಸಾಮಾನ್ಯವಾಗಿ ಕಾಯಂ ಆಗಿ ಹೋಗುತ್ತದೆ. ರಾಜ್ಯದ ಕಾನೂನು ನಿಮಗೆ ಇನ್ನೂ ಹತ್ತು ವರ್ಷ ಕೊಟ್ಟಿದ್ದರೂ ಅಷ್ಟೇ. ಇದರ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರುವುದುಂಟು. ಬೇರೆ ರಾಜ್ಯಕ್ಕೆ ಹೋಗಿ ನೆಲೆಸಿದವರಿಗೆ ಅದು ಕಾಣಿಸುವುದೇ ಇಲ್ಲ.

ಇದರಿಂದ ಲಾಭವೇ ಇಲ್ಲ ಎಂದರೆ ತಪ್ಪಾಗುತ್ತದೆ. ಮೊದಲು ಕೋರ್ಟಿಗೆ ಬಂದ ನಾಲ್ಕು ಜನ ಎಲ್ಲ ಹಣ ಕೊಂಡೊಯ್ದು ಉಳಿದವರಿಗೆ ಏನೂ ಸಿಗದ ಪರಿಸ್ಥಿತಿ ತಪ್ಪುತ್ತದೆ. ಸಾಕ್ಷಿಕಟ್ಟೆ ಹತ್ತಬೇಕಿಲ್ಲ. ಸಂತ್ರಸ್ತರ ಪ್ರತಿನಿಧಿಗಳ ಸಮಿತಿ ರಚನೆಯಾಗುತ್ತದೆ, ಅವರು ಮಾತುಕತೆಯಲ್ಲಿ ಕೂರುತ್ತಾರೆ. ಆದರೆ ವರ್ಷಗಟ್ಟಲೆ ಎಳೆಯುತ್ತದೆ. ನ್ಯೂಯಾರ್ಕಿನ ರಾಕ್‌ವಿಲ್ ಸೆಂಟರ್ ಧರ್ಮಪ್ರಾಂತ್ಯ 2020ರ ಅಕ್ಟೋಬರಿನಲ್ಲಿ ಅರ್ಜಿ ಹಾಕಿತು. 500ಕ್ಕೂ ಹೆಚ್ಚು ಸಂತ್ರಸ್ತರಿಗೆ 32.3 ಕೋಟಿ ಡಾಲರ್ ಒಪ್ಪಂದ ಆದದ್ದು 2024ರಲ್ಲಿ. ಆ ನಾಲ್ಕು ವರ್ಷ ವಕೀಲರ ಖರ್ಚು ಓಡುತ್ತಲೇ ಇತ್ತು. ದಾವೆಗಳು ನಿಂತಿದ್ದರಿಂದ ಬಿಷಪ್‌ಗಳನ್ನು ಪ್ರಮಾಣದ ಮೇಲೆ ಪ್ರಶ್ನಿಸುವ ಅವಕಾಶವೂ ನಿಂತಿತ್ತು. ನನ್ನ ಮಟ್ಟಿಗೆ ದಿವಾಳಿ ಪ್ರಕ್ರಿಯೆಯ ದೊಡ್ಡ ನಷ್ಟ ಹಣದ್ದಲ್ಲ, ಈ ಪ್ರಶ್ನೆಗಳದ್ದು.

ಆಸ್ತಿ ಎಷ್ಟಿದೆ ಎಂಬ ಜಗಳ ಬೇರೆ. 2007ರಲ್ಲಿ ಮಿಲ್ವಾಕೀ ಆರ್ಚ್‌ಬಿಷಪ್ ವ್ಯಾಟಿಕನ್‌ಗೆ ಪತ್ರ ಬರೆದು, ಸುಮಾರು 5.7 ಕೋಟಿ ಡಾಲರನ್ನು ಸ್ಮಶಾನಗಳ ಟ್ರಸ್ಟಿಗೆ ವರ್ಗಾಯಿಸಲು ಅನುಮತಿ ಕೇಳಿದ್ದರು. ಹಾಗೆ ಮಾಡಿದರೆ ಕಾನೂನಿನ ಕ್ಲೇಮುಗಳಿಂದ ಹಣಕ್ಕೆ ರಕ್ಷಣೆ ಹೆಚ್ಚುತ್ತದೆ ಎಂದು ಪತ್ರದಲ್ಲಿತ್ತು. 2011ರಲ್ಲಿ ಆ ಆರ್ಚ್‌ಡಯಾಸಿಸ್ ದಿವಾಳಿ ಅರ್ಜಿ ಹಾಕಿತು. ಪತ್ರ ಹೊರಬಂದದ್ದು ಆಮೇಲೆ. ಹಣ ಬಚ್ಚಿಡುವ ಉದ್ದೇಶ ತಮಗಿರಲಿಲ್ಲ ಎಂದು ಆರ್ಚ್‌ಬಿಷಪ್ ಹೇಳಿದರು.

ಚರ್ಚಿನದೇ ಪರಿಹಾರ ಯೋಜನೆ, ಚರ್ಚಿನದೇ ವಿಚಾರಣೆ

ಕೆಲವು ಧರ್ಮಪ್ರಾಂತ್ಯಗಳು ಕೋರ್ಟಿನ ಹೊರಗೇ ಪರಿಹಾರ ಕೊಡುವ ಯೋಜನೆ ಮಾಡಿವೆ. ನ್ಯೂಯಾರ್ಕ್ ಆರ್ಚ್‌ಡಯಾಸಿಸ್ 2016ರಲ್ಲಿ ಇಂಥದ್ದನ್ನು ಶುರು ಮಾಡಿತು. ಹೊರಗಿನ ಮಧ್ಯಸ್ಥರು ಅರ್ಜಿ ನೋಡಿ ಮೊತ್ತ ಹೇಳುತ್ತಾರೆ. ಬೇಗ ಮುಗಿಯುತ್ತದೆ, ಗುಟ್ಟಾಗಿ ಮುಗಿಯುತ್ತದೆ, ಗಡುವು ಮುಗಿದವರಿಗೂ ಸಿಗುತ್ತದೆ. ವಯಸ್ಸಾದವರಿಗೆ, ಕೋರ್ಟಿನ ಹೆಸರೇ ಬೇಡ ಅನ್ನುವವರಿಗೆ ಇದು ಸರಿಹೊಂದಬಹುದು. ಆದರೆ ಹಣ ತೆಗೆದುಕೊಳ್ಳುವಾಗ ಮುಂದೆ ದಾವೆ ಹೂಡುವುದಿಲ್ಲ ಅಂತ ಸಹಿ ಹಾಕಬೇಕು. ಅಲ್ಲಿ ಸಹಿ ಹಾಕಿದವರಿಗೆ 2019ರ ಹೊಸ ಕಾನೂನು ಬಂದಾಗ ಅದನ್ನು ಬಳಸಿಕೊಳ್ಳುವ ಹಕ್ಕು ಉಳಿದಿರಲಿಲ್ಲ. ಇಂಥ ಕಾಗದಕ್ಕೆ ಸ್ವಂತ ವಕೀಲರಿಗೆ ತೋರಿಸದೆ ಸಹಿ ಹಾಕಲೇಬಾರದು. ಬಾಯಿ ಮುಚ್ಚಿಕೊಂಡಿರಬೇಕು ಎಂಬ ಷರತ್ತು ಅದರಲ್ಲಿದ್ದರೆ ಪ್ರಶ್ನಿಸಿ. ಸಂತ್ರಸ್ತರೇ ಕೇಳಿದ ಹೊರತು ಇಂಥ ಷರತ್ತು ಹಾಕುವುದಿಲ್ಲ ಎಂದು ಅಮೆರಿಕದ ಬಿಷಪ್‌ಗಳು 2002ರ ಡಲ್ಲಾಸ್ ಸನ್ನದಿನಲ್ಲೇ ಒಪ್ಪಿದ್ದಾರೆ.

ಚರ್ಚಿನ ಒಳಗೂ ದೂರು ಕೊಡಬಹುದು. 2019ರಲ್ಲಿ ಪೋಪ್ ಫ್ರಾನ್ಸಿಸ್ ತಂದ ನಿಯಮದ ಪ್ರಕಾರ, ವಿಷಯ ತಿಳಿದ ಪಾದ್ರಿಗಳು ಮತ್ತು ಸನ್ಯಾಸಿನಿಯರು ಮೇಲಿನವರಿಗೆ ವರದಿ ಮಾಡಲೇಬೇಕು. ಅದೇ ವರ್ಷದ ಕೊನೆಗೆ ಇಂಥ ಪ್ರಕರಣಗಳ ಮೇಲಿದ್ದ ರಹಸ್ಯದ ಕಟ್ಟುಪಾಡನ್ನೂ ತೆಗೆದರು. ಆತ ಪಾದ್ರಿಯಾಗಿ ಮುಂದುವರಿಯಬಾರದು ಅನ್ನುವುದು ನಿಮ್ಮ ಆಸೆಯಾಗಿದ್ದರೆ ಈ ದಾರಿಗೆ ಅರ್ಥ ಇದೆ. ಆದರೆ ಇದು ಪೊಲೀಸರಿಗೂ ಕೋರ್ಟಿಗೂ ಬದಲಿಯಲ್ಲ. ಚರ್ಚಿಗೆ ದೂರು ಕೊಟ್ಟು ಉತ್ತರಕ್ಕೆ ಕಾಯುತ್ತ ಕೂತರೂ ರಾಜ್ಯದ ಗಡುವು ಓಡುತ್ತಲೇ ಇರುತ್ತದೆ.

ಶುರು ಎಲ್ಲಿಂದ

ಇದನ್ನು ಓದುತ್ತಿರುವವರು ನೀವೇ ಸಂತ್ರಸ್ತರಾಗಿದ್ದರೆ, ಅಥವಾ ನಿಮ್ಮ ಅಣ್ಣನೋ ಗೆಳತಿಯೋ ಈಗಷ್ಟೇ ನಿಮಗೆ ಹೇಳಿಕೊಂಡಿದ್ದರೆ, ಕೋರ್ಟಿನ ಯೋಚನೆಗೆ ಮೊದಲು ಜೊತೆಗೆ ನಿಲ್ಲುವವರೊಬ್ಬರು ಬೇಕು. ಆಪ್ತಸಮಾಲೋಚಕರಾಗಬಹುದು, ಸಂತ್ರಸ್ತರ ಗುಂಪಾಗಬಹುದು. ಕೇಸು ನಡೆದರೆ ಎದುರಾಳಿ ವಕೀಲರು ಗಂಟೆಗಟ್ಟಲೆ ಪ್ರಶ್ನೆ ಕೇಳುತ್ತಾರೆ. ಹಳೆಯ ಕುಡಿತ, ವಿಚ್ಛೇದನ, ಮಾನಸಿಕ ಚಿಕಿತ್ಸೆಯ ದಾಖಲೆ, ಎಲ್ಲವನ್ನೂ ಕೆದಕುತ್ತಾರೆ. ಒಬ್ಬರೇ ಅದನ್ನು ಹೊರುವುದು ಕಷ್ಟ. ಅಮೆರಿಕದಲ್ಲಿ ಲೈಂಗಿಕ ದೌರ್ಜನ್ಯದ ಸಂತ್ರಸ್ತರಿಗೆ ನೆರವಾಗುವ ರೇನ್ (RAINN) ಸಂಸ್ಥೆಯ ಸಹಾಯವಾಣಿ 800-656-4673 ಹಗಲೂ ರಾತ್ರಿ ಇರುತ್ತದೆ.

ಹೆಸರು ಹೊರಬೀಳುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇರುತ್ತದೆ. ಇಂಥ ದಾವೆಗಳಲ್ಲಿ ನಿಜ ಹೆಸರಿನ ಬದಲು ಜಾನ್ ಡೋ, ಜೇನ್ ಡೋ ಎಂದು ಹೂಡಲು ಕೋರ್ಟುಗಳು ಬಹಳ ಸಲ ಒಪ್ಪುತ್ತವೆ. ಎದುರಾಳಿಗೆ ಮತ್ತು ನ್ಯಾಯಾಧೀಶರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ, ಪತ್ರಿಕೆಗೆ ಗೊತ್ತಿರುವುದಿಲ್ಲ.

ಸಾಕ್ಷಿ ಇಲ್ಲವಲ್ಲ ಅಂತ ಹಿಂದೆ ಸರಿಯಬೇಡಿ. ಆ ವರ್ಷ ಆ ಪಾದ್ರಿ ಆ ಚರ್ಚಿನಲ್ಲಿ ಇದ್ದ ಎಂಬುದನ್ನು ಧರ್ಮಪ್ರಾಂತ್ಯದ ವಾರ್ಷಿಕ ಕೈಪಿಡಿಗಳೇ ಹೇಳುತ್ತವೆ. ಹಳೆಯ ಫೋಟೊ, ಶಾಲೆಯ ದಾಖಲೆ, ಆ ಕಾಲದಲ್ಲಿ ಬರೆದ ಪತ್ರ, 20 ವರ್ಷದ ಹಿಂದೆ ಹೆಂಡತಿಗೆ ಹೇಳಿದ ಮಾತು, ವೈದ್ಯರ ಟಿಪ್ಪಣಿ, ಎಲ್ಲಕ್ಕೂ ಬೆಲೆ ಇದೆ. ಅದೇ ಪಾದ್ರಿಯ ಮೇಲೆ ಬೇರೆಯವರು ಕೊಟ್ಟ ದೂರು ಎಷ್ಟೋ ಕೇಸುಗಳಲ್ಲಿ ಅತಿ ದೊಡ್ಡ ಬಲ. ಅನೇಕ ಧರ್ಮಪ್ರಾಂತ್ಯಗಳು ಆರೋಪ ನಂಬಲರ್ಹ ಎಂದು ಕಂಡ ಪಾದ್ರಿಗಳ ಪಟ್ಟಿಯನ್ನು ತಾವೇ ಪ್ರಕಟಿಸಿವೆ. ಮೊದಲು ಅಲ್ಲಿ ಹೆಸರು ಹುಡುಕಿ. ಇಲ್ಲದಿದ್ದರೆ ಕೇಸೇ ಇಲ್ಲ ಅಂತ ಅಂದುಕೊಳ್ಳಬೇಡಿ.

ವಕೀಲರು ಸಾಮಾನ್ಯವಾಗಿ ಮುಂಗಡ ಕೇಳುವುದಿಲ್ಲ. ಪರಿಹಾರ ಬಂದರೆ ಮೂರನೇ ಒಂದು ಭಾಗದಿಂದ ಶೇ 40ರವರೆಗೆ ಅವರ ಪಾಲು, ಬರದಿದ್ದರೆ ಶುಲ್ಕ ಇಲ್ಲ. ಕೋರ್ಟಿನ ಖರ್ಚು ಆ ಪಾಲಿನ ಒಳಗೋ ಹೊರಗೋ ಅಂತ ಬರವಣಿಗೆಯಲ್ಲಿ ಕೇಳಿ. ಮೊದಲ ಭೇಟಿಯಲ್ಲಿ ಇನ್ನೂ ಕೆಲವು ಪ್ರಶ್ನೆ ಕೇಳಲೇಬೇಕು. ದೌರ್ಜನ್ಯ ನಡೆದ ರಾಜ್ಯದಲ್ಲಿ ಇವತ್ತಿನ ಗಡುವು ಏನು? ಹಳೆಯ ಪ್ರಕರಣಗಳಿಗೆ ಅವಕಾಶದ ಅವಧಿ ತೆರೆದಿದೆಯಾ, ತೆರೆಯುವ ಸೂಚನೆ ಇದೆಯಾ? ಆ ಸಂಸ್ಥೆ ದಿವಾಳಿ ಅರ್ಜಿ ಹಾಕಿದೆಯಾ, ಹಾಕಿದ್ದರೆ ಕ್ಲೇಮ್ ಕೊಡಲು ಕೊನೆಯ ದಿನ ಯಾವುದು? ನೀವು ಈಗ ಎಲ್ಲಿ ವಾಸ ಇದ್ದೀರಿ ಎನ್ನುವುದಕ್ಕಿಂತ ದೌರ್ಜನ್ಯ ಎಲ್ಲಿ ನಡೆಯಿತು ಎನ್ನುವುದೇ ಹೆಚ್ಚಾಗಿ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಆ ರಾಜ್ಯದ ಕೋರ್ಟುಗಳಲ್ಲಿ ಕೆಲಸ ಮಾಡುವ ವಕೀಲರನ್ನೇ ಹುಡುಕಿ. ಹತ್ತು ವರ್ಷದ ಹಿಂದೆ ಒಬ್ಬ ವಕೀಲರು ಗಡುವು ಮುಗಿದಿದೆ, ಏನೂ ಮಾಡಲಾಗದು ಎಂದು ಕಳುಹಿಸಿದ್ದರೆ, ಇನ್ನೊಮ್ಮೆ ಕೇಳಿ ನೋಡಿ. ಅಲ್ಲಿಂದ ಇಲ್ಲಿಗೆ ಹಲವು ರಾಜ್ಯಗಳ ಕಾನೂನು ಬದಲಾಗಿದೆ.